ಎಳೆಯ ನಕ್ಷತ್ರದ ಊಟ

ರೋಹಿಣಿಯನ್ನೂ ಕೃತ್ತಿಕೆಯನ್ನೂ ಬಲ್ಲವರಿಗೆ ಈ ಲೇಖನದ ನಾಯಕನ ಮನೆಯನ್ನು ತೋರಿಸುವುದು ಕಷ್ಟವಲ್ಲ. ರೋಹಿಣಿಯಿಂದ ಕೃತ್ತಿಕೆಯತ್ತ ಮೂರನೆಯ ಒಂದು ಪಾಲು ದೂರ ಸಾಗಿದರೆ ಅವನ ಮನೆ ಸಿಗುತ್ತದೆ. ಆದರೆ ಬರಿಗಣ್ಣಿಗೆ ಅವನು ಕಾಣನು. ೧೮೫೨ರಲ್ಲಿ ಜಾನ್ ರಸೆಲ್ ಹಿಂಡ್ ಎಂಬ ಆಂಗ್ಲ ಖಗೋಳಜ್ಞನು ಅವನನ್ನೂ ಅವನ ಪಕ್ಕದ ಒಂದು ನೀಹಾರಿಕೆಯನ್ನೂ ಕಂಡನು. ಕೆಲವು ವರ್ಷಗಳಲ್ಲಿ ಆ ನೀಹಾರಿಕೆ ಮಸುಕಾಗಿ ಮರೆಯಾಯಿತು. ನಕ್ಷತ್ರವೂ ಗೊತ್ತುಗುರಿಯಿಲ್ಲದೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬೆಳಗುತ್ತಿತ್ತು. ಅದರ ಹೆಸರು ಟಿ ಟಾರಿ. ದೂರ ಸುಮಾರು ೪೭೦ ಜ್ಯೋತಿರ್ವರ್ಷ. ೧೯೪೫ರಲ್ಲಿ ಆಲ್ಫ್ರೆಡ್ ಜಾಯ್ ಇಂಥ ಹನ್ನೊಂದು ನಕ್ಷತ್ರಗಳನ್ನು ಒಂದು ಗುಂಪಾಗಿ ಗುರುತಿಸಿದನು. ಇವು ಹೊಸದಾಗಿ ಹುಟ್ಟಿದವು ಎಂದು ಸೋವಿಯತ್ ವಿಜ್ಞಾನಿ ಅಂಬರ್ತ್ಸುಮಿಯನ್ ಸ್ವಲ್ಪ ಕಾಲದಲ್ಲೇ ವಾದಿಸಿದನು.

ಈ ಚಂಚಲತೆ ಯಾವುದೋ ರೋಗವೆಂದು ನಾನು ಮೊದಲು ಭಾವಿಸಿದ್ದೆ. ಅದು ಹಸಿವು! ನಕ್ಷತ್ರದ ಸುತ್ತ ಅನಿಲವೂ ಧೂಳೂ ತಟ್ಟೆಯಂತೆ ಹರಡಿ ತಿರುಗುತ್ತಿರುತ್ತವೆ. ತಿರುಗುವ ವಸ್ತು ನೆಟ್ಟಗೆ ಒಳಗೆ ಬೀಳಲಾರದು. ತನ್ನ ಸುತ್ತುವಿಕೆಯನ್ನು ಕಳೆದುಕೊಳ್ಳುತ್ತ ಮೆಲ್ಲಮೆಲ್ಲನೆ ಒಳಸರಿಯಬೇಕು. ಹಾಗೆ ಸರಿದು ಬಂದರೂ ನಕ್ಷತ್ರವನ್ನು ಅದು ಮುಟ್ಟುವುದಿಲ್ಲ. ಸೂರ್ಯನದಕ್ಕಿಂತ ಸಾವಿರಾರು ಪಾಲು ಬಲವಾದ ಕಾಂತಕ್ಷೇತ್ರವು ಅದನ್ನು ನಕ್ಷತ್ರದಿಂದ ಕೊಂಚ ದೂರದಲ್ಲೇ ತಡೆಯುತ್ತದೆ. ಅಲ್ಲಿಂದ ಅನಿಲವು ಕಾಂತರೇಖೆಗಳನ್ನು ಹಿಡಿದು, ತಟ್ಟೆಯ ಮಟ್ಟದಿಂದ ಮೇಲೆದ್ದು, ಕಮಾನಿನಂತೆ ಬಾಗಿ, ಧ್ರುವಗಳ ಬಳಿ ಸೆಕೆಂಡಿಗೆ ಕೆಲವು ನೂರು ಕಿಲೋಮೀಟರ್ ವೇಗದಲ್ಲಿ ಧುಮುಕುತ್ತದೆ. ಧುಮುಕಿದ ಕಡೆ ಮೇಲ್ಮೈ ಕಾದು ಅತಿನೇರಳೆ ಕಿರಣಗಳನ್ನು ಸೂಸುತ್ತದೆ. ಒಂದು ದಿನ ಹೆಚ್ಚು ಬಿದ್ದರೆ ನಕ್ಷತ್ರ ಬೆಳಗುತ್ತದೆ, ಇನ್ನೊಂದು ದಿನ ಕಡಿಮೆಯಾದರೆ ಮಂಕಾಗುತ್ತದೆ. ನಡುವೆ ಧೂಳು ಅಡ್ಡ ಬರುವುದೂ ಉಂಟು. ಇದನ್ನು ಯಾರು ಕಂಡರು ಎಂದು ಕೇಳಬಹುದು. ವರ್ಣಪಟಲದ ಕೆಲವು ಕಪ್ಪುಗೆರೆಗಳು ಕೆಂಪಿನ ಕಡೆಗೆ ಸರಿದಿರುತ್ತವೆ. ಎಂದರೆ ಆ ಅನಿಲ ನಮ್ಮಿಂದ ದೂರಕ್ಕೆ, ನಕ್ಷತ್ರದ ಕಡೆಗೆ ಓಡುತ್ತಿದೆ. ಸಾಕ್ಷ್ಯ ಅದೇ.

ಇನ್ನು ಲೆಕ್ಕ. ಕಲಾವಿಭಾಗದವನಾದ ನನಗೆ ಅದೆಂದರೆ ಅಂಜಿಕೆ, ಆದರೂ ಇದು ಬರಿಯ ಗುಣಾಕಾರ. ಇಂಥ ನಕ್ಷತ್ರ ವರ್ಷಕ್ಕೆ ಸೂರ್ಯನ ದ್ರವ್ಯದ ಸುಮಾರು ಹತ್ತು ಕೋಟಿಯ ಒಂದು ಪಾಲನ್ನು ನುಂಗುತ್ತದೆ. ತಟ್ಟೆ ಉಳಿಯುವುದು ಸಾಮಾನ್ಯವಾಗಿ ಕೆಲವೇ ದಶಲಕ್ಷ ವರ್ಷ. ಮೂವತ್ತು ಲಕ್ಷ ವರ್ಷವೆಂದಿಟ್ಟುಕೊಂಡರೆ ಸೂರ್ಯನ ನೂರರಲ್ಲಿ ಮೂರು ಪಾಲು ಮಾತ್ರ ಕೂಡಿತು! ಉಳಿದದ್ದು ಎಲ್ಲಿಂದ ಬಂದಿತು? ಬಹುಪಾಲು ಇದಕ್ಕೂ ಮುಂಚೆ, ನಕ್ಷತ್ರವು ಧೂಳಿನ ಗರ್ಭದಲ್ಲಿ ಅಡಗಿದ್ದಾಗಲೇ ಬಂದಿರಬೇಕು. ಆಗಲೂ ಅದು ಒಂದೇ ಸಮನೆ ಉಂಡಿತೆನ್ನಲಾಗದು. ಮಹಾವ್ಯಾಧನ ಸೀಮೆಯ ಎಫ್ ಯು ಓರಿಯಾನಿಸ್ ಎಂಬ ನಕ್ಷತ್ರ ೧೯೩೬-೩೭ರಲ್ಲಿ ನೂರು ಪಾಲಿಗೂ ಮಿಗಿಲಾಗಿ ಹೊಳೆದೆದ್ದಿತು. ಇಂದಿಗೂ ಪೂರ್ತಿ ಇಳಿದಿಲ್ಲ. ಅದರ ಊಟ ವರ್ಷಕ್ಕೆ ಸೂರ್ಯನ ಹತ್ತುಸಾವಿರದ ಒಂದು ಪಾಲಿನವರೆಗೂ ಏರಿತೆಂದು ಅಂದಾಜು. ಆ ಭರದಲ್ಲಿ ನೂರು ವರ್ಷ ಉಂಡರೆ, ಟಿ ಟಾರಿಯಂಥದು ಹತ್ತು ಲಕ್ಷ ವರ್ಷ ಉಂಡಷ್ಟಾಯಿತು.

ಈ ಹಬ್ಬದೂಟಕ್ಕೆ ಕರೆ ಕೊಡುವವರು ಯಾರೆಂಬುದರಲ್ಲಿ ಪಂಡಿತರಿಗೆ ಇನ್ನೂ ಒಮ್ಮತವಿಲ್ಲ. ತಟ್ಟೆಯಲ್ಲಿ ರಾಶಿಬಿದ್ದ ಅನಿಲ ಒಮ್ಮೆಲೇ ಒಳನುಗ್ಗುತ್ತದೆಂದು ಕೆಲವರು, ಹತ್ತಿರ ಹಾದುಹೋದ ಜೊತೆಗಾರ ನಕ್ಷತ್ರ ತಟ್ಟೆಯನ್ನು ಕಲಕುತ್ತದೆಂದು ಕೆಲವರು. ನನ್ನ ಒಲವು ಮೊದಲನೆಯದರ ಕಡೆಗೆ. ಜೊತೆಗಾರನಿಲ್ಲದ ಕಡೆಯೂ ತಟ್ಟೆಯಂತೂ ಇದ್ದೇ ಇರುತ್ತದೆ.