ಟ್ಯೂಬಿಂಗನ್‌ಗೆ ಓದಲು ಹೊರಟವರಿಗೆ

ಎಕ್ಸ್‌ಚೇಂಜ್ ವಿದ್ಯಾರ್ಥಿಗಳಾಗಿ ಜರ್ಮನಿಗೆ ಹೊರಟ ನಮ್ಮ ಹುಡುಗ ಹುಡುಗಿಯರು ನನ್ನ ಹತ್ತಿರ ಕೇಳುವುದೆಲ್ಲ ವೀಸಾ, ಬ್ಲಾಕ್ಡ್ ಅಕೌಂಟ್, ಕ್ರೆಡಿಟ್‌ಗಳ ವಿಚಾರ. ಪಾಠ ಮುಗಿದ ಮೇಲಿನ ಹೊತ್ತನ್ನು ಏನು ಮಾಡಬೇಕು ಎಂದು ಕೇಳಿದವರು ಕಡಿಮೆ. ನೆಕ್ಕಾರ್ ನದಿಯ ದಂಡೆಯ ಟ್ಯೂಬಿಂಗನ್‌ನಲ್ಲಿ, 1477ರಲ್ಲಿ ಶುರುವಾದ ವಿಶ್ವವಿದ್ಯಾಲಯದಲ್ಲಿ, ಅಕ್ಟೋಬರಿನಿಂದ ಮರುವರ್ಷದ ಜುಲೈವರೆಗೆ ಇದ್ದು ಓದಿದ ನನಗೆ ಹೇಳಬೇಕೆನಿಸುವುದು ಒಂದೇ: ಹೋದ ಮೇಲೆ ಆ ಊರಿನವರಾಗಿ ಬದುಕಿ.

1. ಕಾಗದಪತ್ರದ ಕೆಲಸ ಮೊದಲ ವಾರದಲ್ಲೇ ಮುಗಿಯಲಿ. ಕೋಣೆಗೆ ಬಂದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಜೊತೆಗಿರಲಿ. ರೇಡಿಯೋ, ಟಿವಿಗೆಂದು ತಿಂಗಳಿಗೆ 18.36 ಯೂರೋ ಕೇಳುವ ಪತ್ರವೂ ಬರುತ್ತದೆ. ಅದು ತಲೆಗೆ ಇಷ್ಟೆಂದಲ್ಲ, ಮನೆಗೆ ಇಷ್ಟೆಂದು, ಜೊತೆಗಿರುವವರೊಂದಿಗೆ ಹಂಚಿಕೊಳ್ಳಿ.

2. ಚಳಿಯೆಂದು ಕಿಟಕಿ ಮುಚ್ಚಿಯೇ ಇಡಬೇಡಿ. ದಿನಕ್ಕೆ ಎರಡು ಮೂರು ಸಲ, ಐದು ಹತ್ತು ನಿಮಿಷ ಪೂರ್ತಿ ತೆರೆಯಿರಿ. ಇಲ್ಲದಿದ್ದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ.

3. ಗೆಳೆತನ ಬೆಳೆಯುವುದು ಅಡುಗೆಮನೆಯಲ್ಲಿ. ಗುಡ್ಡದ ಮೇಲಿನ ವಾಲ್ಡ್‌ಹಾಯ್ಸರ್ ಓಸ್ಟ್‌ನ ವಿದ್ಯಾರ್ಥಿ ನಿಲಯಗಳಲ್ಲಿ ಹಲವರಿಗೆ ಸೇರಿ ಒಂದು ಅಡುಗೆಮನೆ, ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಟ್ಟ. ನಮ್ಮ ಊಟಕ್ಕೆ ಬೇಕಾದ ಸಾಮಾನು ಸಾಕಷ್ಟು ಅಲ್ಲೇ ಸಿಗುತ್ತದೆ. ಗಟ್ಟಿ ಗೋಧಿಯ ರವೆ ಎಲ್ಲ ಸೂಪರ್ ಮಾರ್ಕೆಟ್‌ಗಳಲ್ಲೂ ಇದೆ, ಉಪ್ಪಿಟ್ಟು ಚೆನ್ನಾಗಿ ಆಗುತ್ತದೆ. ಕೆಂಪು ಮಸೂರ್ ಬೇಳೆಯೂ ಇದೆ. ಸಾದಾ ಮೊಸರಿನ ಡಬ್ಬಿಯಿಂದ ಒಂದು ಚಮಚ ಹೆಪ್ಪು ಹಾಕಿ, ಬೆಚ್ಚಗಿನ ಹಾಲನ್ನು ರಾತ್ರಿ ಹೀಟರ್ ಪಕ್ಕ ಇಟ್ಟರೆ ಡಿಸೆಂಬರಿನಲ್ಲೂ ಗಟ್ಟಿ ಮೊಸರು. ಸಾರಿನ ಪುಡಿ, ಹುಣಸೆಹಣ್ಣು, ಇಂಗು ಮಾತ್ರ ಊರಿನಿಂದ ಒಯ್ಯಿರಿ. ಒಗ್ಗರಣೆಗೆ ಮುಂಚೆ ಕಿಟಕಿ ತೆರೆದು ಬಾಗಿಲು ಹಾಕಿ, ಹೊಗೆಯ ಅಲಾರಂ ಬಹಳ ಚುರುಕು.

ಒಂದು ಸಂಜೆ ನಾನು ಸಾರಿಗೆ ಬೇಳೆ ಬೇಯಿಸುತ್ತಿದ್ದಾಗ ಪಕ್ಕದ ಕೋಣೆಯ ಹುಡುಗಿ ಬಗ್ಗಿ ನೋಡಿ, ತನ್ನ ಅಜ್ಜಿಯೂ ಬೇಳೆ ಮಾಡುತ್ತಾರೆ, ಆದರೆ ಹುಳಿಗೆ ವಿನೆಗರ್ ಹಾಕುತ್ತಾರೆ ಎಂದಳು. ಅವಳು ಅದೇ ಸೀಮೆಯ ಶ್ವಾಬಿಯನ್. ಶನಿವಾರ ನನಗಾಗಿ ಸಾಸೇಜ್ ಬಿಟ್ಟು, ಕಂದು ಬಣ್ಣದ ಇಡಿ ಮಸೂರ್ ಬೇಯಿಸಿ ವಿನೆಗರ್ ಸುರಿದು, ಷ್ಪೆಟ್ಸ್‌ಲೆ ಎಂಬ ಮೊಟ್ಟೆ ಹಿಟ್ಟಿನ ಶಾವಿಗೆಯ ಮೇಲೆ ಬಡಿಸಿದಳು. ನಮ್ಮ ಹುಣಸೆ ಹುಳಿಯೇ ಬೇರೆ, ಆದರೂ ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ಅಂದಿನಿಂದ ಶನಿವಾರದ ಊಟ ಸೇರಿಯೇ ಆಯಿತು. ಪಾತ್ರೆ ತೊಳೆಯುವ, ನೆಲ ಒರೆಸುವ ಸರದಿಯ ಪಟ್ಟಿ ಗೋಡೆಯ ಮೇಲಿರುತ್ತದೆ. ಅದನ್ನು ತಪ್ಪಿಸಿದವರ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ.

4. ಚಿಲ್ಲರೆ ಕಾಸಿಗೂ ಗಮನ ಕೊಡಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್ ಸಿಗುತ್ತದೆ. ಟ್ಯೂಬಿಂಗನ್‌ನಲ್ಲಿ 2022ರಿಂದ ಬಿಸಾಡುವ ಲೋಟಕ್ಕೆ 50 ಸೆಂಟ್ ತೆರಿಗೆಯಿದೆ. ಅದನ್ನು ಪ್ರಶ್ನಿಸಿದ ಮೊಕದ್ದಮೆ ಜರ್ಮನಿಯ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ, 2025ರಲ್ಲಿ ತೆರಿಗೆ ಸರಿ ಎಂದೇ ತೀರ್ಪು ಪ್ರಕಟವಾಯಿತು. ನಿಮ್ಮದೇ ಲೋಟ ಚೀಲದಲ್ಲಿರಲಿ.

5. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸಾಮಾನು ಶನಿವಾರವೇ ತನ್ನಿ. ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವಂತೆಯೂ ಇಲ್ಲ. ಮೊದಮೊದಲು ಮಂಕು ಕವಿಯುವಂಥ ಈ ನಿಶ್ಶಬ್ದಕ್ಕೆ ಮದ್ದು ನಡಿಗೆ. ಉತ್ತರಕ್ಕೆ ಶೋನ್‌ಬುಖ್ ಕಾಡು, ಅದರ ಅಂಚಿನಲ್ಲಿ ಬೇಬೆನ್‌ಹೌಸನ್‌ನ ಹಳೆಯ ಮಠ. ವ್ಯುರ್ಟೆಂಬರ್ಗ್‌ನ ಕೊನೆಯ ಅರಸ ಎರಡನೇ ವಿಲ್‌ಹೆಲ್ಮ್ 1921ರಲ್ಲಿ ತೀರಿಕೊಂಡದ್ದು ಅಲ್ಲೇ. ಪಶ್ಚಿಮಕ್ಕೆ ಹೋದರೆ ದ್ರಾಕ್ಷಿ ತೋಟಗಳ ನಡುವಿನ ದಾರಿ, ಕೊನೆಗೆ ಗುಡ್ಡದ ನೆತ್ತಿಯಲ್ಲಿ ವುರ್ಮ್ಲಿಂಗನ್‌ನ ಪುಟ್ಟ ಚಾಪೆಲ್.

6. ವಾರಕ್ಕೊಂದು ದೇಶ ನೋಡುವ ಹಟ ಬಿಡಿ. ಶುಕ್ರವಾರ ರಾತ್ರಿ ಅಗ್ಗದ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ತರಗತಿಗೆ ಬರುವವರಿಗೆ ಫೋಟೋ ಉಳಿಯುತ್ತದೆ, ಗೆಳೆಯರು ಉಳಿಯುವುದಿಲ್ಲ. ಶನಿವಾರದ ಊಟಕ್ಕೆ ಸಿಗದವರನ್ನು ತಿಂಗಳ ನಂತರ ಯಾರೂ ಕರೆಯುವುದಿಲ್ಲ. ದೂರದ ಪ್ರವಾಸ ಸೆಮಿಸ್ಟರ್ ರಜೆಗೆ ಇರಲಿ.

7. ಮನೆಗೆ ಫೋನ್ ಮಾಡುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಐದಾದರೆ ಇಲ್ಲಿ ರಾತ್ರಿ ಒಂಬತ್ತೂವರೆ, ಅಮ್ಮ ಮಲಗುವ ಹೊತ್ತು. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾಗುವುದರಿಂದ ಮನಸ್ಸು ಊರಿನ ಕಡೆ ಎಳೆಯುತ್ತದೆ. ಆ ದಿನಗಳಿಗೆಂದೇ ವಿಶ್ವವಿದ್ಯಾಲಯದ ಕ್ರೀಡಾ ತರಗತಿಯೊಂದಕ್ಕೆ ಮೊದಲೇ ಹೆಸರು ಕೊಡಿ. ಶುಲ್ಕ ಕಡಿಮೆ, ಜಾಗ ಬೇಗ ತುಂಬುತ್ತದೆ.

8. ನದಿಗೆ ಇಳಿಯಿರಿ. ಷ್ಟೋಖರ್‌ಕಾನ್ ಎಂದರೆ ಚಪ್ಪಟೆ ತಳದ ಉದ್ದ ದೋಣಿ. ಹಿಂದೆ ನಿಂತವರು ಗಳವನ್ನು ನದಿಯ ತಳಕ್ಕೆ ಊರಿ ನೂಕುತ್ತಾರೆ. ಗಳ ಕೆಸರಿಗೆ ಕಚ್ಚಿಕೊಂಡಾಗ ಅದನ್ನು ಬಿಡಬೇಕೋ ದೋಣಿಯನ್ನು ಬಿಡಬೇಕೋ ಎಂದು ಒಂದು ಕ್ಷಣದಲ್ಲಿ ತೀರ್ಮಾನವಾಗಬೇಕು. ಜೂನ್ ಆಸುಪಾಸಿನ ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ವಿದ್ಯಾರ್ಥಿಗಳ ದೋಣಿ ಸ್ಪರ್ಧೆ. ನಡುಗಡ್ಡೆ ಸುತ್ತಿ ಬರುವಾಗ ಸೇತುವೆಯ ಕಂಬದ ಹತ್ತಿರ ಎಲ್ಲ ದೋಣಿಗಳೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಸೋತ ತಂಡದವರು ಎಲ್ಲರೆದುರು ಮೀನೆಣ್ಣೆ ಕುಡಿಯಬೇಕು. ಅಂದು ದಂಡೆಯಲ್ಲಿ ನಿಂತು ಕೂಗಿದ ಮೇಲೆಯೇ ಅದು ನನ್ನ ಊರು ಅನ್ನಿಸಿದ್ದು.

9. ಕನ್ನಡದವರು ಒಂದು ಸಂಗತಿ ತಿಳಿದು ಹೋಗಿ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ, 1896ರಲ್ಲಿ. ಅವರು 1903ರಲ್ಲಿ ತೀರಿಕೊಂಡದ್ದೂ ಈ ಊರಿನಲ್ಲೇ. ನಿಮ್ಮ ಭಾಷೆ ಯಾವುದೆಂದು ಅಲ್ಲಿನವರು ಕೇಳಿದಾಗ ಇದನ್ನು ಹೇಳಿ.

10. ಒಂದೇ ಸೆಮಿಸ್ಟರಿಗೆ ಅವಕಾಶವಿದ್ದರೆ ಬೇಸಿಗೆಯದನ್ನೇ ಆರಿಸಿ. ಏಪ್ರಿಲ್ ಮಧ್ಯದಿಂದ ಜುಲೈ ಕೊನೆಯವರೆಗೆ ತರಗತಿ, ರಾತ್ರಿ ಒಂಬತ್ತರವರೆಗೂ ಬೆಳಕು. ವಿದ್ಯಾರ್ಥಿ ನಿಲಯಕ್ಕೆ ಮಾತ್ರ ಪ್ರವೇಶ ಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕಿ.