ಕಪ್ಪು ತೆರೆಯ ಅಕ್ಷರ ಸಣ್ಣದಾಯಿತೇ?

ಕೊಳಗಲ್ಲಿನಿಂದ ಬಳ್ಳಾರಿಗೆ ಬಸ್ಸು ಹಿಡಿದು ಕಂಪ್ಯೂಟರ್ ಕಲಿಯಲು ಹೋಗುವ ತಮ್ಮಂದಿರೇ, ತಂಗಿಯರೇ, ಲಿನಕ್ಸ್‌ನ ಕಪ್ಪು ಕನ್ಸೋಲ್ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂರಬೇಡಿ. ದೋಷ ನಿಮ್ಮ ಕಣ್ಣಿನದಲ್ಲ. 1920×1080 ಚುಕ್ಕೆಗಳ ತೆರೆಯಲ್ಲಿ ಅಕ್ಷರದ ಅಳತೆ 8×16 ಇದ್ದರೆ ಸಾಲಿಗೆ 240 ಅಕ್ಷರ, ಒಟ್ಟು 67 ಸಾಲು. ಸಾಸಿವೆ ಚೆಲ್ಲಿದಂತೆ ಕಾಣದೆ ಇನ್ನೇನಾದೀತು?

ಬಹಳ ಜನ ಮೊದಲು ರೆಸಲ್ಯೂಷನ್ ಇಳಿಸಲು ಹೋಗುತ್ತಾರೆ. ಬೇಡ. ಎಲ್‌ಸಿಡಿ ತೆರೆ ತನ್ನ ಮೂಲ ಅಳತೆಯಲ್ಲೇ ಸ್ಪಷ್ಟ. ಇಳಿಸಿದರೆ ಅಕ್ಷರ ದೊಡ್ಡದಾದರೂ ಅಂಚು ಮಸುಕಾಗುತ್ತದೆ. ಫಾಂಟನ್ನೇ ಬದಲಿಸಿ. ಡೆಬಿಯನ್, ಉಬುಂಟುಗಳಲ್ಲಿ ‘ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಕನ್ಸೋಲ್-ಸೆಟಪ್’ ಎಂಬ ಆದೇಶವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಕೊಡಿ. ಯುಟಿಎಫ್-8 ಆರಿಸಿ, ಆಮೇಲೆ ಟರ್ಮಿನಸ್ ಫಾಂಟ್, ಅಳತೆ 16×32. ಈಗ ಸಾಲಿಗೆ 120 ಅಕ್ಷರ, 33 ಸಾಲು. ಕಣ್ಣಿಗೆ ಹಾಯೆನಿಸುತ್ತದೆ. ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಈ ಆಯ್ಕೆ ಉಳಿಯುತ್ತದೆ.

ಕನ್ಸೋಲ್‌ನಲ್ಲಿ ಕನ್ನಡ ಮೂಡದಿದ್ದರೆ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಡಿ. ಕನ್ಸೋಲ್ ಫಾಂಟಿಗೆ ಸಾಮಾನ್ಯವಾಗಿ 512 ಆಕೃತಿಗಳ ಮಿತಿಯಿದೆ. ಗುಣಿತ, ಒತ್ತಕ್ಷರ ಜೋಡಿಸುವ ವ್ಯವಸ್ಥೆಯೂ ಅದಕ್ಕಿಲ್ಲ. ‘ಬಳ್ಳಾರಿ’ಯ ಳಕಾರದ ಒತ್ತನ್ನೂ ‘ಕೊಳಗಲ್ಲು’ ಪದದ ಲಕಾರದ ಒತ್ತನ್ನೂ ಅದು ಬರೆಯಲಾರದು. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ. ಕನ್ನಡದ ಕಡತ ಓದಬೇಕಾದಾಗ ಡೆಸ್ಕ್‌ಟಾಪ್‌ಗೆ ಬಂದು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಡೆಸ್ಕ್‌ಟಾಪ್‌ನಲ್ಲೇ ಆದೇಶ ಕೊಡುವ ಟರ್ಮಿನಲ್ ಕಿಟಕಿಯ ಅಕ್ಷರ ಹಿಗ್ಗಿಸಲು ಕಂಟ್ರೋಲ್, ಶಿಫ್ಟ್ ಒತ್ತಿಹಿಡಿದು ಪ್ಲಸ್ ಒತ್ತಿದರೆ ಸಾಕು.