ಪ್ರಾಣವಾಯು ನೀರಾಗುವ ಕ್ಷಣ

ಬಾಣಂತಿಯ ಕೋಣೆಯ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇರಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಬೆಚ್ಚನೆಯ ಉಪಚಾರ ಒಳ್ಳೆಯದೇ; ಗಾಳಿಯಾಡದ ಕೋಣೆ ಮಾತ್ರ ಅಪಾಯಕಾರಿ. ಇದರ ಕಾರಣವನ್ನರಿಯಲು, ಉಸಿರಿನ ಆಮ್ಲಜನಕವು ಕೊನೆಗೆ ಏನಾಗುತ್ತದೆಂಬುದನ್ನು ನೋಡಬೇಕು.

ರಕ್ತವು ಹೊತ್ತು ತಂದ ಆಮ್ಲಜನಕದ ಬಹುಭಾಗವನ್ನು ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವವು ಬಳಸುತ್ತದೆ. ಅದರ ಗರ್ಭದಲ್ಲಿ ಒಂದು ಕಬ್ಬಿಣದ ಪರಮಾಣುವೂ ಅದರೆದುರು ಒಂದು ತಾಮ್ರದ ಪರಮಾಣುವೂ ಇವೆ. ಇವುಗಳ ನಡುವೆ ಸಿಕ್ಕ ಆಮ್ಲಜನಕದ ಅಣು ನಾಲ್ಕು ಎಲೆಕ್ಟ್ರಾನುಗಳನ್ನೂ ನಾಲ್ಕು ಪ್ರೋಟಾನುಗಳನ್ನೂ ಪಡೆದು ಎರಡು ಅಣು ನೀರಾಗುತ್ತದೆ. ಇದನ್ನೇ ಪೂರ್ವಾಚಾರ್ಯರು ಧಾತ್ವಗ್ನಿ ಎಂದರೆಂದು ಕೆಲವರು ವಾದಿಸುವುದುಂಟು. ಹೋಲಿಕೆ ಸೊಗಸಾಗಿದೆ, ಆದರೆ ಹೋಲಿಕೆಯನ್ನು ಪ್ರಮಾಣವೆನ್ನಲಾಗದು.

ಈ ಪರಿವರ್ತನೆ ಒಮ್ಮೆಲೇ ಆಗುವುದಿಲ್ಲ. ಆಮ್ಲಜನಕವು ಮೊದಲು ಕಬ್ಬಿಣವನ್ನು ಸೇರುತ್ತದೆ. ಬಳಿಕ ಅದರ ಎರಡು ಪರಮಾಣುಗಳ ಬಂಧ ಮುರಿಯುತ್ತದೆ. ಅನಂತರ ಹಂತಹಂತವಾಗಿ ನೀರು ಸಿದ್ಧವಾಗುತ್ತದೆ. ಅರೆಬೆಂದ ಆಮ್ಲಜನಕವು ಹೊರಗೆ ಸೋರಿದರೆ ಕೋಶಕ್ಕೆ ಹಾನಿಯಾದ್ದರಿಂದ ಕಿಣ್ವವು ಅದನ್ನು ಕೊನೆಯವರೆಗೂ ಬಿಗಿಯಾಗಿ ಹಿಡಿದಿರುತ್ತದೆ. ಇಷ್ಟೆಲ್ಲವೂ ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಮುಗಿಯುತ್ತದೆ. ಕಿಣ್ವದ ದ್ರವಕ್ಕೆ ಆಮ್ಲಜನಕವನ್ನು ಬೆರೆಸುವಷ್ಟರಲ್ಲೇ ಕ್ರಿಯೆ ಮುಗಿದಿರುವಾಗ, ನಡುವಣ ಸ್ಥಿತಿಗಳನ್ನು ಕಾಣುವುದೆಂತು?

ದಾರಿ ತೋರಿದ್ದು ಒಂದು ವಿಷವೇ. ಕಾರ್ಬನ್ ಮಾನಾಕ್ಸೈಡ್ ಅನಿಲವು ಅದೇ ಕಬ್ಬಿಣದ ಮೇಲೆ ಕುಳಿತು ಉಸಿರಾಟವನ್ನು ತಡೆಯುತ್ತದೆ. ಬೆಳಕು ಬಿದ್ದರೆ ಕಳಚಿಕೊಳ್ಳುತ್ತದೆ. ಯೀಸ್ಟ್ ಕೋಶಗಳಲ್ಲಿ ಇದನ್ನು 1926ರಲ್ಲಿ ತೋರಿಸಿದ ಜರ್ಮನಿಯ ಓಟೋ ವಾರ್‌ಬರ್ಗ್ ಅವರಿಗೆ 1931ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 1963ರಲ್ಲಿ ಗಿಬ್ಸನ್ ಮತ್ತು ಗ್ರೀನ್‌ವುಡ್ ಈ ಗುಣವನ್ನೇ ಉಪಾಯವಾಗಿಸಿದರು. ವಿಷ ಹಿಡಿದ ಕಿಣ್ವಕ್ಕೆ ಆಮ್ಲಜನಕವನ್ನು ಮೊದಲೇ ಬೆರೆಸಿ, ತಟ್ಟನೆ ಬೆಳಕು ಹಾಯಿಸಿ, ಕ್ರಿಯೆಯನ್ನು ತಾವು ಬಯಸಿದ ಕ್ಷಣದಲ್ಲಿ ಆರಂಭಿಸಿದರು. ಪ್ರತಿ ಸ್ಥಿತಿಯೂ ಬೆಳಕನ್ನು ತನ್ನದೇ ರೀತಿ ಹೀರುವುದರಿಂದ ಅದರ ಗುರುತು ಸಿಗುತ್ತದೆ. 1975ರಲ್ಲಿ ಬ್ರಿಟನ್ ಚಾನ್ಸ್ ಮತ್ತು ಸಂಗಡಿಗರು ಕಡುಶೈತ್ಯದಲ್ಲಿ ಈ ಸ್ಥಿತಿಗಳನ್ನು ಹಿಡಿದು ನಿಲ್ಲಿಸಿದರು. ಅವುಗಳಲ್ಲೊಂದನ್ನು ಪೆರಾಕ್ಸೈಡ್ ಎಂದು ಭಾವಿಸಿ ‘ಪಿ’ ಎಂದು ಕರೆಯಲಾಯಿತು. ಬಂಧವು ಅದರಲ್ಲಿ ಆಗಲೇ ಮುರಿದಿರುವುದು ತಡವಾಗಿ ತಿಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿದಿದೆ!

ಕೆಂಡದಿಂದ ಹೊರಡುವುದೂ ಇದೇ ಅನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ಕೋಶದ ಕಿಣ್ವವನ್ನೂ ಬಾಧಿಸುತ್ತದೆ. ಪ್ರಯೋಗಶಾಲೆಯ ಬೆಳಕು ದೇಹದ ಒಳಗನ್ನು ತಲುಪದು. ಅಗ್ಗಿಷ್ಟಿಕೆಯಿರುವ ಕೋಣೆಯಲ್ಲಿ ತಲೆನೋವು, ವಾಕರಿಕೆ, ಮಂಪರು ಕಂಡೊಡನೆ ತಾಯಿ ಮಗುವನ್ನು ಬಯಲಿಗೆ ಕರೆತಂದು, ಆಮ್ಲಜನಕ ನೀಡುವ ಸೌಲಭ್ಯವುಳ್ಳ ಆಸ್ಪತ್ರೆಗೆ ಒಯ್ಯಬೇಕು. ಕಷಾಯ ಕಾಯಿಸುತ್ತ ಕೂರಬಾರದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಂಥ ವೇಳೆ ಎಲ್ಲವೂ ಸರಿಯಾಗಿದೆಯೆಂದೇ ತೋರಿಸಬಹುದು. ಅದನ್ನು ನಂಬಿ ತಡಮಾಡಬೇಡಿ.